ಬೇಟೆಗೆ ಹೋಗುವ ಗಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಟೆಗೆ ಯಾವ ಗಾಡಿ ಒಳ್ಳೇದು ಅಂತ ಕೇಳುವವರು ಸಾಮಾನ್ಯವಾಗಿ ಹೋಗುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳುತ್ತಾರೆ. ಬೆಳಗಿನ ಜಾವ, ಟ್ಯಾಂಕ್ ತುಂಬಿದೆ, ದಾರಿ ಒಣಗಿದೆ, ಎಲ್ಲರೂ ನಿದ್ದೆ ಮುಗಿಸಿ ಬಂದಿದ್ದಾರೆ. ಆ ಹೊತ್ತಿನಲ್ಲಿ ಯಾವ ಗಾಡಿಯಾದರೂ ಹೋಗುತ್ತದೆ. ಕಷ್ಟ ಶುರುವಾಗೋದು ವಾಪಸು ಬರುವಾಗ. ಕತ್ತಲಾಗಿದೆ, ಮಳೆ ಬಿದ್ದು ದಾರಿ ಕೆಸರಾಗಿದೆ, ಹಿಂದೆ ನೂರೈವತ್ತು ಕಿಲೋ ಮಾಂಸ, ಓಡಿಸುವವನಿಗೆ ತೂಕಡಿಕೆ. ಕೆಳಗಿನ ಉತ್ತರಗಳನ್ನೆಲ್ಲ ಆ ವಾಪಸು ದಾರಿಯನ್ನು ನೆನೆಸಿಕೊಂಡೇ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇಟೆಗೆ ಪರವಾನಗಿ ಕೊಡುವ ದೇಶಗಳಿವೆ, ಪೂರ್ತಿ ನಿಷೇಧ ಮಾಡಿರುವ ದೇಶಗಳೂ ಇವೆ. ಇದು ಪರವಾನಗಿ, ಋತು, ಜಾಗ ಮೂರೂ ಸರಿಯಾಗಿ ಇರುವವರಿಗೆ ಬರೆದದ್ದು. ನಿಷೇಧ ಇರುವ ಕಡೆಯವರು ಕೋವಿಯ ಜಾಗದಲ್ಲಿ ಕ್ಯಾಮೆರಾ ಇಟ್ಟುಕೊಂಡು ಓದಿ. ಕೆಸರು ಇಬ್ಬರಿಗೂ ಒಂದೇ.

ಫೋರ್ ವೀಲ್ ಡ್ರೈವ್ ಇರಲೇಬೇಕಾ?

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಜಲ್ಲಿ ರಸ್ತೆಯ ಪಕ್ಕ ನಿಲ್ಲಿಸಿ, ಅಲ್ಲಿಂದ ನಡೆದು ಹೋಗುವವರೇ ಜಾಸ್ತಿ. ಅವರಿಗೆ ಒಳ್ಳೆ ಟೈರಿರುವ, ಸ್ವಲ್ಪ ಎತ್ತರದ ಟೂ ವೀಲ್ ಡ್ರೈವ್ ಗಾಡಿ ಸಾಕು. ಟ್ರ್ಯಾಕ್ಟರ್ ಓಡಾಡಿ ಎರಡು ಕಾಲುವೆ ಬಿದ್ದ ದಾರಿ, ಮಳೆಗಾಲದ ಜೇಡಿಮಣ್ಣು, ಹಿಮ, ಕಡಿದಾದ ಏರು ಇದ್ದರೆ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಬೇಕು.

ಆಲ್ ವೀಲ್ ಡ್ರೈವ್, ಫೋರ್ ವೀಲ್ ಡ್ರೈವ್ ಎರಡೂ ಒಂದೇ ಅಂತ ಶೋರೂಮಿನಲ್ಲಿ ಹೇಳಿಬಿಡುತ್ತಾರೆ. ಒಂದೇ ಅಲ್ಲ. ನೋಡಬೇಕಾದದ್ದು ಲೋ ರೇಂಜ್ ಇದೆಯಾ ಅಂತ. ಲೋ ರೇಂಜ್ ಅಂದರೆ ಗೇರ್‌ಬಾಕ್ಸ್ ಆದ ಮೇಲೆ ಇನ್ನೊಂದು ಸುತ್ತು ವೇಗ ಇಳಿಸುವ ಗೇರು. ಹೆಚ್ಚಿನ ಗಾಡಿಗಳಲ್ಲಿ ಇದು ಎರಡರಿಂದ ನಾಲ್ಕು ಪಟ್ಟು. ವೇಗ ಅಷ್ಟು ಕಡಿಮೆಯಾಗುತ್ತದೆ, ಚಕ್ರದ ತಿರುಗುವ ಬಲ ಅಷ್ಟು ಜಾಸ್ತಿಯಾಗುತ್ತದೆ. ಏರು ಹತ್ತೋಕೆ ಇದು ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಕೇಳಿದರೆ ಇಳಿಯೋಕೆ ಇನ್ನೂ ಜಾಸ್ತಿ ಬೇಕು. ಭಾರ ತುಂಬಿದ ಗಾಡಿ ಒದ್ದೆ ಇಳಿಜಾರಿನಲ್ಲಿ ಇಳಿಯುವಾಗ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಲೋ ರೇಂಜಿನ ಫಸ್ಟ್ ಗೇರ್ ಹಾಕಿ, ಎರಡೂ ಕಾಲು ಪೆಡಲಿನಿಂದ ತೆಗೆದರೆ ಇಂಜಿನ್ನೇ ಹಿಡಿದುಕೊಂಡು ನಡಿಗೆಯ ವೇಗದಲ್ಲಿ ಇಳಿಸುತ್ತದೆ. ಮೊದಲ ಸಲ ಕಾಲು ತೆಗೆಯೋಕೆ ಧೈರ್ಯ ಬರಲ್ಲ. ಒಂದೆರಡು ಸಲ ಸಣ್ಣ ಇಳಿಜಾರಿನಲ್ಲಿ ಅಭ್ಯಾಸ ಮಾಡಿ.

ಇನ್ನೊಂದು ವಿಷಯ. ಬೇಕಾದಾಗ ಮಾತ್ರ ಹಾಕುವ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಆದರೆ ಒಣ ಡಾಂಬರಿನ ಮೇಲೆ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎರಡೂ ಆಕ್ಸಲ್ ಒಂದಕ್ಕೊಂದು ಕಟ್ಟಿಹಾಕಿದಂತೆ ಇದ್ದಾಗ ಆ ವ್ಯತ್ಯಾಸ ಹೋಗೋಕೆ ಜಾಗ ಇರಲ್ಲ. ಸ್ಟೇರಿಂಗ್ ಬಿಗಿಯುತ್ತದೆ, ಕೊನೆಗೆ ಗೇರು ಮುರಿಯುತ್ತದೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ.

ಪಿಕಪ್ ತಗೊಳ್ಳಲಾ, ಎಸ್‌ಯುವಿ ತಗೊಳ್ಳಲಾ?

ದೊಡ್ಡ ಪ್ರಾಣಿಯ ಬೇಟೆ ಅಂದರೆ ಪಿಕಪ್. ರಕ್ತ, ಕೆಸರು, ಒದ್ದೆ ಹಗ್ಗ ಎಲ್ಲ ಹೊರಗೇ ಇರುತ್ತದೆ. ಹಿಂದಿನ ಬಾಗಿಲು ಇಳಿಸಿದರೆ ಅದೇ ಮೇಜು. ಪೈಪ್ ಹಿಡಿದು ತೊಳೆದರೆ ಮುಗಿಯಿತು. ಅದರ ದೋಷ ಒಂದೇ: ಖಾಲಿ ಇದ್ದಾಗ ಹಿಂಭಾಗ ಹಗುರ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಸುಮ್ನೆ ಜಾರುತ್ತದೆ.

ಹಕ್ಕಿ, ಮೊಲದಂಥ ಸಣ್ಣ ಬೇಟೆ, ಜೊತೆಗೆ ನಾಯಿ, ರಾತ್ರಿ ಗಾಡಿಯಲ್ಲೇ ಮಲಗುವುದು, ಇದಕ್ಕೆಲ್ಲ ಎಸ್‌ಯುವಿ ಅನುಕೂಲ. ಸಾಮಾನು ಬೀಗದ ಒಳಗೆ ಇರುತ್ತದೆ. ಆದರೆ ಒಮ್ಮೆ ಕಾರ್ಪೆಟ್‌ಗೆ ರಕ್ತ ಇಳಿದರೆ ಆ ವಾಸನೆಯ ಜೊತೆ ಬಾಳಬೇಕು. ಎಸ್‌ಯುವಿಯೇ ಸರಿ ಅನ್ನುವವರು ಮೊದಲು ಹಿಂದಿನ ಕಾರ್ಪೆಟ್ ಕಿತ್ತು ಅಂಚು ಎತ್ತರ ಇರುವ ರಬ್ಬರ್ ಟ್ರೇ ಹಾಕಿಸಿ.

ಚಿಕ್ಕ ಗಾಡಿಯನ್ನು ಕಡೆಗಣಿಸಬೇಡಿ. ಸುಜುಕಿ ಜಿಮ್ನಿಯಂಥದ್ದು ಹಗುರ, ಅಗಲ ಕಡಿಮೆ, ದೊಡ್ಡ ಗಾಡಿ ಎರಡು ಮರದ ನಡುವೆ ಸಿಕ್ಕಿಹಾಕಿಕೊಳ್ಳುವ ಕಡೆ ಇದು ನುಸುಳುತ್ತದೆ. ಇಬ್ಬರು, ಅವರ ಚೀಲ, ಅಷ್ಟಕ್ಕೆ ಸರಿ. ಮೂರನೆಯವನು ಬಂದರೆ ಪ್ರಾಣಿಗೆ ಜಾಗ ಇಲ್ಲ. ಇನ್ನು ಟೊಯೋಟಾ ಲ್ಯಾಂಡ್ ಕ್ರೂಸರ್‌ನ 70 ಸರಣಿ 1984ರಿಂದ ಇದೆ, ಹೈಲಕ್ಸ್ ಅದಕ್ಕಿಂತ ಹಳೆಯದು. ಜನ ಇವುಗಳ ಹಿಂದೆ ಬೀಳೋದು ಚಂದಕ್ಕಲ್ಲ. ಬೇರಿಂಗೋ ಕ್ಲಚ್ಚೋ ಹೋದರೆ ಎಷ್ಟೋ ದೇಶಗಳ ಮೂಲೆಯ ಊರಿನಲ್ಲೂ ಬಿಡಿಭಾಗ ಸಿಗುತ್ತದೆ, ಕೈಯಾಡಿಸಿದ ಮೆಕ್ಯಾನಿಕ್ ಸಿಗುತ್ತಾನೆ. ನೀವು ಹೋಗುವ ಕಡೆ ಯಾವ ಗಾಡಿ ಜಾಸ್ತಿ ಓಡಾಡುತ್ತದೋ ನೋಡಿ. ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ.

ಎಷ್ಟು ಭಾರ ಹೊರಬಹುದು ಅಂತ ಲೆಕ್ಕ ಹಾಕೋದು ಹೇಗೆ?

ಎಲ್ಲರೂ ಹಾರಿಸಿಬಿಡುವ ಪ್ರಶ್ನೆ ಇದೇ. ಗಾಡಿಯ ಒಟ್ಟು ಅನುಮತಿಸಿದ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಪೇಲೋಡ್. ಅದರಲ್ಲಿ ಜನರೂ ಸೇರುತ್ತಾರೆ. ಎಷ್ಟೋ ಜನ ಹಿಂದೆ ತುಂಬುವ ಸಾಮಾನು ಮಾತ್ರ ಅಂದುಕೊಂಡಿರುತ್ತಾರೆ.

ಪೇಲೋಡ್ 600 ಕಿಲೋ ಅಂತಿಟ್ಟುಕೊಳ್ಳಿ. ನಾಲ್ಕು ಜನ ಬಟ್ಟೆ ಬೂಟು ಸೇರಿ 320 ಕಿಲೋ. ಪಿಕಪ್ಪಿನ ಹಿಂಭಾಗ ಮುಚ್ಚುವ ಗೂಡು, ಅಂದರೆ ಕ್ಯಾನೊಪಿ 70. ಕಬ್ಬಿಣದ ಬಂಪರ್, ವಿಂಚ್ (ಹಗ್ಗ ಸುತ್ತಿ ಹೂತ ಗಾಡಿಯನ್ನು ಎಳೆಯುವ ಮೋಟರ್) ಸೇರಿ 80. ಎರಡು ಕ್ಯಾನ್ ಡೀಸೆಲ್ 40. ನಲವತ್ತು ಲೀಟರ್ ನೀರು 40. ಟೆಂಟು, ಹಾಸಿಗೆ, ಜಾಕ್, ಸ್ಪ್ಯಾನರ್ ಎಲ್ಲ ಸೇರಿ 50. ಕೂಡಿಸಿ ನೋಡಿ, 600 ಆಯಿತು. ಕೋವಿಗಳೂ ಐಸ್ ಪೆಟ್ಟಿಗೆಯೂ ಇನ್ನೂ ನೆಲದ ಮೇಲೇ ಇವೆ. ಪ್ರಾಣಿಗೆ ಒಂದು ಕಿಲೋ ಉಳಿದಿಲ್ಲ. ಸಾಧಾರಣ ಜಿಂಕೆ ಆದರೂ ಅರವತ್ತು ಎಪ್ಪತ್ತು ಕಿಲೋ. ಚಳಿ ದೇಶಗಳ ದೈತ್ಯ ಜಿಂಕೆ ಮೂಸ್, ಅದರ ಗಂಡು ಆದರೆ ಇಡೀ ಪ್ರಾಣಿ 500 ಕಿಲೋ ದಾಟಬಹುದು, ಕತ್ತರಿಸಿ ತಂದರೂ ಎರಡು ಟ್ರಿಪ್ಪಿನ ಭಾರ.

ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಆಯ್ತಲ್ವಾ ಅಂತ ಕೇಳುತ್ತಾರೆ. ಗಾಡಿ ಹಿಂದೆ ಕುಸಿಯೋದು ನಿಲ್ಲುತ್ತದೆ, ಅಷ್ಟೇ. ಆಕ್ಸಲ್, ಬ್ರೇಕ್, ಚಾಸಿಸ್, ಚಕ್ರದ ಬೋಲ್ಟು ಎಲ್ಲ ಹಳೆಯದೇ. ಮೊದಲ ಟ್ರಿಪ್ಪಿಗೆ ಮುಂಚೆ ಎಲ್ಲ ತುಂಬಿ, ಎಲ್ಲರನ್ನೂ ಕೂರಿಸಿ, ವೇಬ್ರಿಡ್ಜ್ ಮೇಲೆ ಒಮ್ಮೆ ನಿಲ್ಲಿಸಿ. ನಾನು ಮೊದಲ ಸಲ ಹೀಗೆ ತೂಗಿಸಿದ ದಿನ ಅಡುಗೆ ಪೆಟ್ಟಿಗೆ ಅರ್ಧ ಖಾಲಿಯಾಯಿತು, ಮಡಚುವ ಕುರ್ಚಿಗಳು ಮನೆಗೆ ವಾಪಸಾದವು.

ಛಾವಣಿಯ ಕ್ಯಾರಿಯರ್‌ಗೆ ಬೇರೆಯೇ ಮಿತಿ ಇದೆ, ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ನೂರು ಕಿಲೋಗಿಂತ ಕಡಿಮೆ, ಕ್ಯಾರಿಯರ್‌ನ ತೂಕವೂ ಅದರಲ್ಲೇ. ಪ್ರಾಣಿಯನ್ನು ಮೇಲೆ ಕಟ್ಟಬೇಡಿ. ಭಾರ ಮೇಲೆ ಹೋದಷ್ಟೂ ಅಡ್ಡ ಇಳಿಜಾರಿನಲ್ಲಿ ಗಾಡಿ ಪಲ್ಟಿಯಾಗೋದು ಸುಲಭ. ಬಿಸಿಲು ಹೊಡೆದು ಮಾಂಸವೂ ಹಾಳು.

ಟೈರು ಯಾವುದು?

ಆಲ್ ಟೆರೇನ್. ರಸ್ತೆಯಲ್ಲೂ ಸರಿ, ಕಲ್ಲು ಮಣ್ಣಿನಲ್ಲೂ ಸರಿ. ಮಡ್ ಟೆರೇನ್ ಟೈರು ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯೋದು ಕಡಿಮೆ. ಇನ್ನೂರು ಕಿಲೋಮೀಟರ್ ಹೆದ್ದಾರಿ ಓಡಿಸಿ ಐದು ಕಿಲೋಮೀಟರ್ ಕೆಸರು ತುಳಿಯುವವರಿಗೆ ಅದು ಬೇಡ. ಹಿಮದ ಪ್ರದೇಶ ಆದರೆ ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ.

ಬದಿಯಲ್ಲೇ ನಾಲ್ಕು ಅಂಕಿಯ ಇನ್ನೊಂದು ಗುರುತು ಇರುತ್ತದೆ. 2322 ಅಂತ ಇದ್ದರೆ 2022ರ 23ನೇ ವಾರ ತಯಾರಾದದ್ದು. ಹಳೇ ಗಾಡಿ ಕೊಳ್ಳುವವರು ಸ್ಟೆಪ್ನಿಯ ಮೇಲೂ ಇದನ್ನು ಹುಡುಕಿ. ಗಾಡಿಯ ಕೆಳಗೆ ನೇತಾಡಿಕೊಂಡು ಹತ್ತು ವರ್ಷ ಕಳೆದ ಸ್ಟೆಪ್ನಿಯ ಹಲ್ಲು ಹೊಸದರಂತೆಯೇ ಕಾಣುತ್ತದೆ. ಬೆರಳಿನಿಂದ ಬದಿಯನ್ನು ಒತ್ತಿ ನೋಡಿದರೆ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದ್ದೇ ಇರಬೇಕು.

ಗಾಳಿಯ ವಿಷಯ ಇನ್ನೂ ಮುಖ್ಯ. ಕಾಸು ಖರ್ಚಿಲ್ಲದೆ ಹಿಡಿತ ಹೆಚ್ಚಿಸುವ ದಾರಿ ಅಂದರೆ ಗಾಳಿ ಇಳಿಸೋದು. ರಸ್ತೆಯಲ್ಲಿ 35 ಪಿಎಸ್‌ಐ ಇದ್ದರೆ ಒರಟು ದಾರಿಗೆ 25ರ ಆಸುಪಾಸು, ಮರಳಿಗೆ 18ರ ತನಕ ಇಳಿಸಬಹುದು. ಟೈರು ಉದ್ದಕ್ಕೆ ಹರಡಿ ನೆಲವನ್ನು ತಬ್ಬಿಕೊಳ್ಳುತ್ತದೆ. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಾರದು. ಭಾರ ತುಂಬಿದ್ದರೆ ಅಷ್ಟೊಂದು ಇಳಿಸಬೇಡಿ. ವಾಪಸು ಡಾಂಬರು ಸಿಕ್ಕ ಕೂಡಲೇ ತುಂಬಿಸಿ. ಅದಕ್ಕೇ ಒಂದು 12 ವೋಲ್ಟಿನ ಕಂಪ್ರೆಸರ್, ಒಂದು ಗೇಜು, ಒಂದು ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಗಾಡಿಯಲ್ಲಿ ಕಾಯಂ ಇರಲಿ.

ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಬೇಕು? ಗಾಡಿ ಎತ್ತರಿಸಬೇಕಾ?

ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ 200 ಮಿಲಿಮೀಟರ್ ಮೇಲಿದ್ದರೆ ಬಹುತೇಕ ದಾರಿಗೆ ಸಾಕು. ಆ ಅಂಕಿಗಿಂತ ಮುಂದಿನ, ಹಿಂದಿನ ಕೋನಗಳನ್ನು ನೋಡಿ. ಮುಂದಿನ ಬಂಪರ್ ಉದ್ದಕ್ಕೆ ಚಾಚಿಕೊಂಡಿದ್ದರೆ ಹಳ್ಳಕ್ಕೆ ಇಳಿಯುವಾಗ ಅದೇ ಮೊದಲು ನೆಲ ಮುಟ್ಟುತ್ತದೆ. ಹಿಂದೆ ಟೋ ಹಿಚ್ಚಿಗೆ (ಟ್ರೇಲರ್ ಸಿಕ್ಕಿಸುವ ಕೊಂಡಿಗೆ) ಸಿಕ್ಕಿಸುವ ಸಾಮಾನಿನ ಚೌಕಟ್ಟು ಹಾಕಿಸಿದರೆ ಹತ್ತಿ ಬರುವಾಗ ಅದು ಮಣ್ಣು ಅಗೆಯುತ್ತದೆ.

ಎರಡು ಇಂಚು ಎತ್ತರಿಸೋದಕ್ಕಿಂತ ಕೆಳಗೆ ಇಂಜಿನ್, ಗೇರ್‌ಬಾಕ್ಸ್, ಟ್ಯಾಂಕಿಗೆ ಉಕ್ಕಿನ ತಗಡು ಹಾಕಿಸೋದು ಒಳ್ಳೇದು.

ಗಾಡಿ ಹೂತುಕೊಂಡರೆ ಎಳೆಯೋಕೆ ಏನೇನು ಇಟ್ಟುಕೊಳ್ಳಬೇಕು?

ಮೊದಲು ಸಲಿಕೆ. ತಮಾಷೆಯಲ್ಲ. ಉದ್ದ ಹಿಡಿಯ ಸಲಿಕೆ ಒಂದು, ಚಕ್ರದ ಕೆಳಗೆ ಹಾಕುವ ಹಲ್ಲಿನ ಹಲಗೆ ಎರಡು. ಹತ್ತರಲ್ಲಿ ಏಳೆಂಟು ಸಲ ಇಷ್ಟರಲ್ಲೇ ಹೊರಗೆ ಬರಬಹುದು. ಚಕ್ರ ಸುತ್ತೋಕೆ ಶುರುವಾದ ಕೂಡಲೇ ಆಕ್ಸಿಲರೇಟರ್ ಬಿಟ್ಟು ಇಳಿದು ನೋಡಿ. ಇನ್ನೊಂದು ಸಲ, ಇನ್ನೊಂದು ಸಲ ಅಂತ ಒತ್ತಿದಷ್ಟೂ ಗಾಡಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಆಕ್ಸಲ್ ನೆಲಕ್ಕೆ ಕೂತ ಮೇಲೆ ಅರ್ಧ ಗಂಟೆಯ ಕೆಲಸ ಮೂರು ಗಂಟೆಯದ್ದಾಗುತ್ತದೆ.

ಜೊತೆಗೆ ಇನ್ನೊಂದು ಗಾಡಿ ಇದ್ದರೆ ಕೈನೆಟಿಕ್ ಹಗ್ಗ. ಇದು ನೈಲಾನಿನದು, ಶೇಕಡಾ 30ರ ತನಕ ಹಿಗ್ಗುತ್ತದೆ, ಹಿಗ್ಗಿ ಕುಗ್ಗುವ ಬಲದಲ್ಲಿ ಹೂತ ಗಾಡಿಯನ್ನು ಕಿತ್ತು ತರುತ್ತದೆ. ಸಾಮಾನ್ಯ ಟೋಯಿಂಗ್ ಬೆಲ್ಟು ಹಾಕಿ ಹೀಗೆ ಜಗ್ಗಬೇಡಿ, ಅದು ಹಿಗ್ಗುವುದಿಲ್ಲ, ಯಾವುದೋ ಒಂದು ಕೊಂಡಿ ಕಿತ್ತು ಬರುತ್ತದೆ.

ಇಲ್ಲಿ ದೊಡ್ಡದಾಗಿ ಬರೆದುಕೊಳ್ಳಬೇಕಾದ ಮಾತೊಂದಿದೆ. ಟ್ರೇಲರ್ ಸಿಕ್ಕಿಸುವ ಗುಂಡಿನಾಕಾರದ ಟೋ ಬಾಲ್‌ಗೆ ಹಗ್ಗ ಹಾಕಬೇಡಿ. ಅದು ಹಿಂದೆ ಬರುವ ಟ್ರೇಲರ್‌ಗೆ ಮಾಡಿದ್ದು, ಜಗ್ಗಾಟಕ್ಕೆ ಅಲ್ಲ. ಮುರಿದರೆ ಎರಡು ಕಿಲೋ ಉಕ್ಕು ಗುಂಡಿನಂತೆ ಹಾರಿ ಗಾಜು ಒಡೆದು ಒಳಗೆ ಬರುತ್ತದೆ. ಇದರಿಂದ ಜನ ಸತ್ತಿದ್ದಾರೆ. ಗಾಡಿಯನ್ನು ಹಡಗಿನಲ್ಲಿ ಸಾಗಿಸುವಾಗ ಕಟ್ಟುವ ತೆಳು ಕೊಕ್ಕೆಗೂ ಹಾಕಬೇಡಿ. ಚಾಸಿಸ್‌ಗೆ ಬೋಲ್ಟ್ ಮಾಡಿದ, ಎಷ್ಟು ಭಾರ ತಡೆಯುತ್ತದೆ ಅಂತ ಬರೆದಿರುವ ಕೊಕ್ಕೆ ಮುಂದೊಂದು ಹಿಂದೊಂದು ಇರಲಿ. ಇಲ್ಲದಿದ್ದರೆ ಗಾಡಿ ಕೊಂಡ ಮೇಲೆ ಮಾಡಿಸುವ ಮೊದಲ ಕೆಲಸ ಅದು. ಎಳೆಯುವಾಗ ಹಗ್ಗದ ನಡುವೆ ಒದ್ದೆ ಕಂಬಳಿಯೋ ದಪ್ಪ ಜಾಕೆಟ್ಟೋ ಹಾಕಿ, ಹಗ್ಗ ತುಂಡಾದರೆ ಅದು ಕೆಳಕ್ಕೆ ಬೀಳಿಸುತ್ತದೆ. ನೋಡೋಕೆ ನಿಂತವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಹೋಗಲಿ. ಫೋನಿನಲ್ಲಿ ವಿಡಿಯೋ ಮಾಡುವವನು ಎಲ್ಲರಿಗಿಂತ ಹತ್ತಿರ ಬರುತ್ತಾನೆ, ಅವನನ್ನು ಮೊದಲು ಓಡಿಸಿ.

ಜಾಕಿನ ಕೆಳಗೆ ಇಡೋಕೆ ದಪ್ಪ ಮರದ ಹಲಗೆ ಒಂದು ಮರೆಯಬೇಡಿ. ಕೆಸರಿನಲ್ಲಿ ಜಾಕ್ ತಾನೇ ಮುಳುಗುತ್ತದೆ, ಗಾಡಿ ಮೇಲೇಳುವುದಿಲ್ಲ.

ವಿಂಚ್ ಬೇಕೇ ಬೇಕಾ?

ಒಂಟಿಯಾಗಿ ಹೋಗುವವರಿಗೆ ಬೇಕು. ಎರಡು ಗಾಡಿಯಲ್ಲಿ ಹೋಗುವವರಿಗೆ ಬಹುತೇಕ ಬೇಡ. ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ನೋಡಿ. 2,500 ಕಿಲೋ ಗಾಡಿಗೆ 3,750ರ ಮೇಲಿನದು. ಪೆಟ್ಟಿಗೆಯ ಮೇಲೆ ಬರೆದ ಬಲ ಡ್ರಮ್ಮಿನ ಮೇಲೆ ಕೊನೆಯ ಒಂದು ಸುತ್ತಿನ ಪದರ ಉಳಿದಾಗಿನದು. ಹಗ್ಗ ತುಂಬ ಸುತ್ತಿಕೊಂಡಿದ್ದಾಗ ಬಲ ಸಾಕಷ್ಟು ಕಡಿಮೆ. ಒಂದು ರಾಟೆ ಇಟ್ಟುಕೊಂಡು ಹಗ್ಗವನ್ನು ಮರಕ್ಕೆ ಹಾಕಿ ಗಾಡಿಗೇ ತಿರುಗಿ ತಂದರೆ ಬಲ ಹೆಚ್ಚುಕಡಿಮೆ ಎರಡರಷ್ಟು, ವೇಗ ಅರ್ಧ. ಮರಕ್ಕೆ ಅಗಲ ಪಟ್ಟಿ ಸುತ್ತಿ, ನೇರವಾಗಿ ಹಗ್ಗ ಕಟ್ಟಿದರೆ ತೊಗಟೆ ಕೊಯ್ದುಹೋಗುತ್ತದೆ. ಉಕ್ಕಿನ ಹಗ್ಗಕ್ಕಿಂತ ಸಿಂಥೆಟಿಕ್ ಹಗುರ, ತುಂಡಾದರೂ ಚಾಟಿಯಂತೆ ಹೊಡೆಯುವುದು ಕಡಿಮೆ. ಬಿಸಿಲು, ಕಲ್ಲಿನ ಅಂಚು ಎರಡೂ ಅದಕ್ಕೆ ಆಗಲ್ಲ.

ಹಳ್ಳ ದಾಟಬಹುದಾ? ಸ್ನಾರ್ಕೆಲ್ ಹಾಕಿಸಿದರೆ?

ಕಂಪನಿಗಳು ಎಷ್ಟು ನೀರಿನಲ್ಲಿ ಇಳಿಯಬಹುದು ಅಂತ ಹೇಳಿರುತ್ತವೆ. ಹೈಲಕ್ಸ್‌ಗೆ 700 ಮಿಲಿಮೀಟರ್, ಫೋರ್ಡ್ ರೇಂಜರ್‌ಗೆ 800. ಅದು ನಿಂತ ನೀರಿನ ಲೆಕ್ಕ. ರಭಸವಾಗಿ ಹರಿಯುವ ನೀರು ಒಂದು ಅಡಿ ಇದ್ದರೇ ಸಾಮಾನ್ಯ ಕಾರನ್ನು ತಳ್ಳಿಕೊಂಡು ಹೋಗಬಲ್ಲದು, ಎರಡು ಅಡಿ ಆದರೆ ಪಿಕಪ್ಪನ್ನೂ ಬಿಡಲ್ಲ. ಮೊದಲು ಕೋಲು ಹಿಡಿದು ನಡೆದು ನೋಡಿ. ನಡೆಯೋಕೆ ಆಗದ ನೀರಿಗೆ ಗಾಡಿಯೂ ಬೇಡ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಮೇಲೆಲ್ಲೋ ಮಳೆಯಾಗಿ ಸಂಜೆಗೆ ಸೊಂಟದ ತನಕ ಬಂದಿರುತ್ತದೆ. ಆ ಕಡೆ ಸಿಕ್ಕಿಕೊಂಡರೆ ರಾತ್ರಿ ಕಳೆಯೋಕೆ ಏನಿದೆ ಅಂತ ದಾಟುವ ಮೊದಲೇ ಯೋಚಿಸಿ.

ಸ್ನಾರ್ಕೆಲ್ ಅಂದರೆ ಇಂಜಿನ್ನಿಗೆ ಛಾವಣಿಯ ಎತ್ತರದಿಂದ ಗಾಳಿ ತರುವ ಕೊಳವೆ. ಅದು ಇಂಜಿನ್ನಿಗೆ ನೀರು ಹೋಗದಂತೆ ನೋಡಿಕೊಳ್ಳುತ್ತದೆ, ಗಾಡಿ ತೇಲುವುದನ್ನು ತಡೆಯಲ್ಲ. ಧೂಳಿನ ದಾರಿಯಲ್ಲಿ ಸ್ವಲ್ಪ ಶುದ್ಧ ಗಾಳಿ ಸಿಗುವುದು ಅದರ ನಿಜವಾದ ಲಾಭ. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೋವಿಯನ್ನು ಗಾಡಿಯಲ್ಲಿ ಹೇಗೆ ಇಡಬೇಕು?

ಗುಂಡು ತೆಗೆದು, ಬೋಲ್ಟ್ ತೆರೆದು ಕಣ್ಣಲ್ಲಿ ನೋಡಿ, ಬೆರಳಿನಲ್ಲೂ ಮುಟ್ಟಿ ನೋಡಿ, ಬೀಗದ ಪೆಟ್ಟಿಗೆಯಲ್ಲಿ. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ನಿಯಮ ಊರಿಂದೂರಿಗೆ ಬೇರೆ ಇರುತ್ತದೆ, ಹೀಗೆ ಇಟ್ಟರೆ ಹೆಚ್ಚಿನ ಕಡೆ ತೊಂದರೆ ಬರಲ್ಲ. ಗಡಿ ದಾಟುವುದಿದ್ದರೆ ಎರಡೂ ಕಡೆಯ ಕಾಗದ ಮೊದಲೇ ಮಾಡಿಸಿ. ಗಾಡಿಯಿಂದ, ರಸ್ತೆಯಿಂದ ಗುಂಡು ಹಾರಿಸುವುದು ಬಹುತೇಕ ಕಡೆ ಅಪರಾಧ, ಮತ್ತು ಹಾಗೆ ಹೊಡೆಯೋದನ್ನು ಬೇಟೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಪೆಟ್ಟಿಗೆಯನ್ನು ನೆಲದ ಕೊಂಡಿಗೆ ಪಟ್ಟಿ ಹಾಕಿ ಬಿಗಿಯಿರಿ. ದಿನವಿಡೀ ಕುಲುಕಿದರೆ ಕೋವಿಯ ಮೇಲಿನ ದುರ್ಬೀನಿನ ಗುರಿ ತಪ್ಪುತ್ತದೆ. ಬಾಗಿಲಿನ ಪಕ್ಕ, ಸೀಟಿನ ಮೇಲೆ ಒರಗಿಸಿ ಇಡುವ ಅಭ್ಯಾಸ ಬೇಡವೇ ಬೇಡ.

ಮಾಂಸ ಕೆಡದಂತೆ ತರೋದು ಹೇಗೆ?

ಬೇಗ ತಣ್ಣಗಾಗಬೇಕು, ಒಣಗಿರಬೇಕು, ಗಾಳಿ ಆಡಬೇಕು. ಬ್ಯಾಕ್ಟೀರಿಯಾ 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗ ಬೆಳೆಯುತ್ತದೆ. ಆಗಷ್ಟೇ ಬಿದ್ದ ಪ್ರಾಣಿಯ ಮೈ 38 ಡಿಗ್ರಿಯ ಮೇಲೇ ಇರುತ್ತದೆ, ಮೇಲೆ ಕಂಬಳಿಯಂಥ ತುಪ್ಪಳ. ಇಡೀ ಪ್ರಾಣಿಯನ್ನು ಹಾಗೇ ಪಿಕಪ್ಪಿಗೆ ಎಸೆದು ಟಾರ್ಪಾಲು ಮುಚ್ಚಿ ಮೂರು ಗಂಟೆ ಓಡಿಸಿದರೆ ತೊಡೆಯ ಮೂಳೆಯ ಸುತ್ತ ಮೊದಲು ಹುಳಿ ವಾಸನೆ ಬರುತ್ತದೆ. ಹೊರಗಿನಿಂದ ಗೊತ್ತೇ ಆಗಲ್ಲ. ಕೊಯ್ದಾಗ ಚಾಕುವಿನ ಜೊತೆ ವಾಸನೆ ಮೇಲೇಳುತ್ತದೆ. ಅಲ್ಲೇ ಕರುಳು ತೆಗೆದು, ಸಾಧ್ಯವಾದರೆ ಚರ್ಮ ಸುಲಿದು, ತುಂಡು ಮಾಡಿ ಬಟ್ಟೆಯ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬಿಸಿ ಒಳಗೇ ಉಳಿಯುತ್ತದೆ.

ಐಸ್ ಪೆಟ್ಟಿಗೆಯನ್ನು ಹೊರಡುವ ಹಿಂದಿನ ರಾತ್ರಿಯೇ ಸ್ವಲ್ಪ ಐಸ್ ಹಾಕಿ ತಣ್ಣಗೆ ಮಾಡಿಡಿ. ಪುಡಿ ಐಸ್‌ಗಿಂತ ದೊಡ್ಡ ಗಡ್ಡೆ ಜಾಸ್ತಿ ಹೊತ್ತು ಉಳಿಯುತ್ತದೆ. ಕೆಳಗೆ ಒಂದು ಜಾಲರಿ ಇಟ್ಟು ಮಾಂಸ ಕರಗಿದ ನೀರಿನಲ್ಲಿ ಮುಳುಗದಂತೆ ನೋಡಿಕೊಳ್ಳಿ, ಕೆಳಗಿನ ಬಿರಡೆಯಿಂದ ನೀರು ಬಿಡುತ್ತಿರಿ. ಪೆಟ್ರೋಲ್ ಕ್ಯಾನ್ ಮಾಂಸದಿಂದ ದೂರ. ಚರ್ಮದ ಕೆಳಗಿನ ಕೊಬ್ಬು ಆ ವಾಸನೆ ಹೀರಿಕೊಂಡರೆ ತೊಳೆದರೂ ಹೋಗಲ್ಲ.

ಫ್ರಿಜ್ ಇಡೋದಾದರೆ ಎರಡನೇ ಬ್ಯಾಟರಿ ಬೇಕಾ?

ಒಂದು ರಾತ್ರಿಗಿಂತ ಜಾಸ್ತಿ ನಿಲ್ಲುವುದಾದರೆ ಬೇಕು. ಸ್ಟಾರ್ಟಿಂಗ್ ಬ್ಯಾಟರಿಗೆ ಫ್ರಿಜ್ ಸಿಕ್ಕಿಸಿ ಮಲಗಿದರೆ ಬೆಳಿಗ್ಗೆ ಗಾಡಿ ಎದ್ದೇಳದಿರಬಹುದು. 100 ಆಂಪಿಯರ್ ಅವರ್‌ನ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಪದೇ ಪದೇ ಅದಕ್ಕಿಂತ ಇಳಿಸಿದರೆ ಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಬಹುಪಾಲು ಬಳಸಬಹುದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಹಿಮದ ಊರಿನವರು ಹೀಟರ್ ಇರುವುದನ್ನು ಕೊಳ್ಳಿ, ಇಲ್ಲವೇ ಬ್ಯಾಟರಿಯನ್ನು ಗಾಡಿಯ ಒಳಗೆ ಇಡಿ. ವೈರಿಂಗ್ ಮಾಡುವಾಗ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ನನ್ನ ಹಳೇ ಗಾಡಿಯಲ್ಲಿ ಕೆಲಸ ಮಾಡಿದವರು ಫ್ಯೂಸನ್ನು ಫ್ರಿಜ್ಜಿನ ಕಡೆ ಹಾಕಿದ್ದರು. ವೈರು ಬಾಗಿಲ ಅಂಚಿಗೆ ಉಜ್ಜಿ ಸಿಪ್ಪೆ ಹೋಗಿ ಹೊಗೆ ಬಂದಾಗ ಆ ಫ್ಯೂಸಿಗೆ ಸುದ್ದಿಯೇ ಹೋಗಲಿಲ್ಲ.

ಛಾವಣಿಯ ಮೇಲೆ ದೊಡ್ಡ ಎಲ್‌ಇಡಿ ಬಾರ್ ಹಾಕಿಸಲಾ?

ಬೇಡ. ಧೂಳು, ಮಂಜು, ಹಿಮ ಬೀಳುವಾಗ ಮೇಲಿಂದ ಬರುವ ಬಿಳಿ ಬೆಳಕು ಆ ಕಣಗಳಿಗೂ ಬಾನೆಟ್ಟಿಗೂ ಹೊಡೆದು ಕಣ್ಣಿಗೇ ವಾಪಸು ಬರುತ್ತದೆ. ಆ ದುಡ್ಡಿನಲ್ಲಿ ಬಂಪರಿನ ಹತ್ತಿರ ತಗ್ಗಿನಲ್ಲಿ ಎರಡು ಅಗಲ ಹರಡುವ ದೀಪ, ಹಿಂದೆ ಒಂದು ರಿವರ್ಸ್ ದೀಪ ಹಾಕಿಸಿ. ರಾತ್ರಿ ಕಾಡಿನಲ್ಲಿ ರಿವರ್ಸ್ ತೆಗೆಯುವಾಗ ಆ ಹಿಂದಿನ ದೀಪದ ಬೆಲೆ ಗೊತ್ತಾಗುತ್ತದೆ.

ಗಾಡಿಯೊಳಗಿನ ದೀಪವನ್ನು ಬಾಗಿಲು ತೆಗೆದರೂ ಹತ್ತದಂತೆ ಮಾಡಿಡಿ, ಕೀ ಒತ್ತಿದಾಗ ಕೀಂ ಅನ್ನುವ ಶಬ್ದವನ್ನೂ ನಿಲ್ಲಿಸಿ. ಬಾಗಿಲನ್ನು ಹೊಡೆದು ಮುಚ್ಚಬೇಡಿ, ಸೊಂಟದಲ್ಲಿ ಒತ್ತಿ. ಜಿಂಕೆಗೆ ಕೆಂಪು ಸರಿಯಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ತಲೆಗೆ ಕಟ್ಟುವ ಟಾರ್ಚಿನಲ್ಲಿ ಕೆಂಪು ಬೆಳಕು ಇರುವುದು ಒಳ್ಳೇದು. ಗಾಡಿಯ ಬಣ್ಣ ಯಾವುದಾದರೂ ಆಗಬಹುದು, ಪೇಂಟ್ ಹೊಡೆಸೋಕೆ ದುಡ್ಡು ಸುರಿಯಬೇಡಿ.

ಒಣ ಹುಲ್ಲಿನಲ್ಲಿ ನಿಲ್ಲಿಸಿದರೆ ಬೆಂಕಿ ಹತ್ತುತ್ತದೆ ಅನ್ನೋದು ನಿಜವಾ?

ನಿಜ. ಗಾಡಿಯ ಕೆಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಓಡುವಾಗ ನೂರಾರು ಡಿಗ್ರಿ ಬಿಸಿಯಾಗಿರುತ್ತದೆ. ಹೊಸ ಡೀಸೆಲ್ ಗಾಡಿಯ ಹೊಗೆ ಫಿಲ್ಟರ್ ತನ್ನ ಮಸಿ ಸುಟ್ಟುಕೊಳ್ಳುವಾಗ ಒಳಗೆ 600 ಡಿಗ್ರಿ ಮುಟ್ಟುತ್ತದೆ. ಮೊಣಕಾಲುದ್ದದ ಹುಲ್ಲಿನಲ್ಲಿ ಓಡಿಸಿದರೆ ಕೆಳಗಿನ ತಗಡು ಮತ್ತು ಸೈಲೆನ್ಸರ್ ನಡುವೆ ಹುಲ್ಲು ತುಂಬಿಕೊಳ್ಳುತ್ತದೆ. ಗಂಟೆಗೊಮ್ಮೆ ನಿಲ್ಲಿಸಿ, ಕೈಗವಸು ಹಾಕಿ, ಕೆಳಗೆ ಬಗ್ಗಿ ಕಿತ್ತು ಹಾಕಿ. ಕಪ್ಪಾದ ಹುಲ್ಲಿನ ಕಡ್ಡಿ ಸಿಕ್ಕರೆ ಸ್ವಲ್ಪದರಲ್ಲಿ ತಪ್ಪಿತು ಅಂತ ತಿಳಿಯಿರಿ. ಬೆಂಕಿ ಆರಿಸುವ ಸಿಲಿಂಡರ್ ಹತ್ತು ಸಾಮಾನಿನ ಕೆಳಗೆ ಇರಬಾರದು, ಚಾಲಕನ ಕೈಗೆ ಸಿಗಬೇಕು.

ಎಷ್ಟು ಇಂಧನ ಒಯ್ಯಬೇಕು?

ಲೋ ರೇಂಜಿನಲ್ಲಿ, ಕೆಸರಿನಲ್ಲಿ ಮೈಲೇಜ್ ಅರ್ಧಕ್ಕೆ ಇಳಿಯುತ್ತದೆ ಅಂತ ಲೆಕ್ಕ ಹಾಕಿ. ಮೂರರಲ್ಲಿ ಒಂದು ಭಾಗ ಹೋಗೋಕೆ, ಒಂದು ಬರೋಕೆ, ಒಂದು ಕೈಯಲ್ಲಿ. ಕ್ಯಾನಿಗೆ ಪೆಟ್ರೋಲ್ ತುಂಬುವಾಗ ಅದನ್ನು ಪಿಕಪ್ಪಿನಿಂದ ಕೆಳಗಿಳಿಸಿ ನೆಲದ ಮೇಲೆ ಇಟ್ಟೇ ತುಂಬಿ. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಇಟ್ಟು ತುಂಬಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಬಂಕಿನಲ್ಲಿ ಬೂಟಿಗೆ ಪೆಟ್ರೋಲ್ ಸಿಡಿದರೆ ಆ ದಿನದ ಬೇಟೆ ಮುಗಿದ ಹಾಗೇ. ಗಾಳಿ ಆ ವಾಸನೆಯನ್ನು ನಿಮಗಿಂತ ಮೊದಲು ತಲುಪಿಸುತ್ತದೆ.

ತುಂಬಾ ಚಳಿ ಇರುವ ಕಡೆ ಗಾಡಿಯಲ್ಲೇ ಮಲಗಬಹುದಾ?

ಮಲಗಬಹುದು, ಇಂಜಿನ್ ಆಫ್ ಮಾಡಿ. ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ. ಗ್ಯಾಸ್ ಒಲೆ, ಕೆಂಡ ಒಳಗೆ ಬೇಡ. ಬ್ಯಾಟರಿಯ ಮಾನಾಕ್ಸೈಡ್ ಅಲಾರಂ ಒಂದು ಇಟ್ಟುಕೊಳ್ಳಿ, ಎರಡು ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಇಲ್ಲದಿದ್ದರೆ ಉಸಿರಿನ ತೇವವೇ ಗಾಜಿನೊಳಗೆ ಮಂಜುಗಡ್ಡೆಯಾಗುತ್ತದೆ.

ಡೀಸೆಲ್ ಗಾಡಿಯಾದರೆ ಚಳಿಗಾಲದ ಡೀಸೆಲ್ಲನ್ನೇ ತುಂಬಿಸಿ. ಬೇಸಿಗೆಯ ಡೀಸೆಲ್ಲಿನಲ್ಲಿ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ರೇಡಿಯೇಟರ್‌ನಲ್ಲಿ ಕೂಲಂಟ್ ಮತ್ತು ನೀರು ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿಯ ತನಕ ಹೆಪ್ಪುಗಟ್ಟಲ್ಲ. ಲೆಡ್ ಬ್ಯಾಟರಿಯ ಸ್ಟಾರ್ಟ್ ಮಾಡುವ ಶಕ್ತಿ ಮೈನಸ್ 18ರಲ್ಲಿ ಹೆಚ್ಚುಕಡಿಮೆ ಅರ್ಧ. ಹಳೇ ಬ್ಯಾಟರಿ ಇದ್ದರೆ ಹೊರಡುವ ಮೊದಲೇ ಬದಲಿಸಿ.

ನಾಯಿ ಜೊತೆಗಿದೆ. ಏನು ಮಾಡಬೇಕು?

ಗಟ್ಟಿ ಪೆಟ್ಟಿಗೆ, ನೆಲಕ್ಕೆ ಬಿಗಿದದ್ದು. ಒಳಗೆ ನಾಯಿ ಎದ್ದು ತಿರುಗುವಷ್ಟು ಜಾಗ ಸಾಕು, ಅದಕ್ಕಿಂತ ದೊಡ್ಡದಿದ್ದರೆ ಕುಲುಕಾಟದಲ್ಲಿ ಎತ್ತೆತ್ತಿ ಹಾಕುತ್ತದೆ. ಹೊರಗೆ 21 ಡಿಗ್ರಿ ಹಿತವಾದ ಹವೆ ಇದ್ದರೂ ಮುಚ್ಚಿದ ಗಾಡಿಯೊಳಗೆ ಅರ್ಧ ಗಂಟೆಯಲ್ಲಿ 40 ಡಿಗ್ರಿ ಆಗುತ್ತದೆ. ಬಿಸಿಲಲ್ಲಿ ನಾಯಿಯನ್ನು ಗಾಡಿಯಲ್ಲಿ ಬಿಟ್ಟು ಹೋಗಬೇಡಿ, ಹತ್ತು ನಿಮಿಷಕ್ಕೂ ಬೇಡ.

ಫೋನ್ ಸಿಗ್ನಲ್ ಇಲ್ಲದ ಕಡೆ?

ಮ್ಯಾಪನ್ನು ಫೋನಿಗೆ ಇಳಿಸಿಕೊಂಡು ಹೋಗಿ, ಒಂದು ಕಾಗದದ ಮ್ಯಾಪೂ ಇರಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಸಾಧನಗಳಿವೆ, ಗಾರ್ಮಿನ್ ಇನ್‌ರೀಚ್ ಇರಿಡಿಯಂ ಉಪಗ್ರಹಗಳನ್ನು ಬಳಸುತ್ತದೆ. 406 ಮೆಗಾಹರ್ಟ್ಸ್‌ನ ಬೀಕನ್ ಕೂಡ ಸಿಗುತ್ತದೆ, ಒತ್ತಿದರೆ ರಕ್ಷಣೆಯವರಿಗೆ ಜಾಗ ಗೊತ್ತಾಗುತ್ತದೆ, ಮಾತಾಡೋಕೆ ಆಗಲ್ಲ. ಇವನ್ನು ಗಾಡಿಯಲ್ಲಿ ಬಿಡಬೇಡಿ, ಮೈಮೇಲೆ ಇರಲಿ. ಕಾಲು ಮುರಿದುಕೊಳ್ಳುವುದು ಗಾಡಿಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬಾರದಿದ್ದರೆ ಹುಡುಕಬೇಕು ಅಂತ ಮನೆಯಲ್ಲಿ ಬರೆದಿಟ್ಟು ಹೊರಡಿ.

ಎಲೆಕ್ಟ್ರಿಕ್ ಗಾಡಿ ಆಗುತ್ತಾ?

ಶಬ್ದ ಇಲ್ಲ, ಹೊಗೆ ವಾಸನೆ ಇಲ್ಲ, ನಿಧಾನ ವೇಗದಲ್ಲಿ ಹಿಡಿತ ಅದ್ಭುತ. ಚಳಿಯಲ್ಲಿ, ಭಾರದಲ್ಲಿ ಓಡುವ ದೂರ ಕಡಿಮೆಯಾಗುತ್ತದೆ, ಕ್ಯಾನಿನಲ್ಲಿ ಕರೆಂಟು ಒಯ್ಯೋಕೆ ಆಗಲ್ಲ. ಮನೆಯಿಂದ ಹತ್ತಿರದ ಜಾಗ ಆದರೆ ಧಾರಾಳವಾಗಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡಬೇಕು?

ಕೆಳಗೆ ಮಲಗಿ ನೋಡಿ. ಚಾಸಿಸ್ಸಿನ ಒಳ ಅಂಚುಗಳಲ್ಲಿ ತುಕ್ಕು ಇದ್ದರೆ ಸ್ಕ್ರೂಡ್ರೈವರಿನಿಂದ ಚುಚ್ಚಿ. ಒಳಗೆ ಹೋದರೆ ಕೈಮುಗಿದು ಬನ್ನಿ. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು) ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ಬಂದಿದ್ದರೆ ಗಾಡಿ ನೀರಿಗೆ ಇಳಿದಿದೆ, ಮಾರುವವರು ಏನೇ ಹೇಳಲಿ. ಮಣ್ಣಿನ ಜಾಗಕ್ಕೆ ಒಯ್ದು ಫೋರ್ ವೀಲ್ ಡ್ರೈವ್ ಹಾಕಿ, ಲೋ ರೇಂಜೂ ಹಾಕಿ ಓಡಿಸಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಲಿವರ್ ಕಚ್ಚಿಕೊಂಡಿರುತ್ತದೆ.

ದುಡ್ಡು ಸ್ವಲ್ಪವೇ ಇದೆ. ಮೊದಲು ಯಾವುದಕ್ಕೆ ಹಾಕಲಿ?

ಸರ್ವಿಸ್, ಬೆಲ್ಟು, ಹೋಸ್, ಬ್ರೇಕ್. ಆಮೇಲೆ ಟೈರು. ಆಮೇಲೆ ಸಲಿಕೆ, ಹಲಗೆ, ಹಗ್ಗ, ಗಟ್ಟಿ ಕೊಕ್ಕೆ, ಕಂಪ್ರೆಸರ್. ಒಳ್ಳೆ ಐಸ್ ಪೆಟ್ಟಿಗೆ. ಇಷ್ಟಾದ ಮೇಲೂ ಉಳಿದರೆ ಒಂದಿಡೀ ದಿನ ಓಡಿಸೋದು ಕಲಿಸುವವರ ಹತ್ತಿರ ಹೋಗಿ. ವಿಂಚ್, ಲೈಟು, ಛಾವಣಿಯ ಟೆಂಟು ಎಲ್ಲ ಮುಂದಿನ ವರ್ಷಕ್ಕೆ.

ವಾಪಸು ಬಂದ ಮೇಲೆ ಗಾಡಿಗೆ ಏನು ಮಾಡಬೇಕು?

ರಕ್ತವನ್ನು ಅದೇ ದಿನ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಕೆಳಭಾಗ, ಚಕ್ರದ ಒಳಬದಿ, ರೇಡಿಯೇಟರಿನ ಜಾಲರಿ ಮೂರನ್ನೂ ಪ್ರೆಷರ್ ನೀರಿನಲ್ಲಿ ತೊಳೆಯಿರಿ. ಅಲ್ಲಿ ಅಂಟಿರುವ ಕಳೆಯ ಬೀಜ ಇನ್ನೊಂದು ಕಾಡಿಗೆ ನಿಮ್ಮ ಗಾಡಿಯಲ್ಲೇ ಸವಾರಿ ಮಾಡುತ್ತದೆ. ನೀರಿಗೆ ಇಳಿದಿದ್ದರೆ ಆಕ್ಸಲ್ ಎಣ್ಣೆ ನೋಡಿ. ಒದ್ದೆ ಹಗ್ಗವನ್ನು ಮರಳು ಹೋಗುವಂತೆ ಬಕೆಟಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಸುತ್ತಿಡಿ. ಸ್ಟೆಪ್ನಿ ಬಳಸಿದ್ದರೆ ಪಂಕ್ಚರ್ ಆದದ್ದನ್ನು ಆ ವಾರವೇ ಹಾಕಿಸಿ. ಐಸ್ ಪೆಟ್ಟಿಗೆಯ ಮುಚ್ಚಳವನ್ನು ಸ್ವಲ್ಪ ತೆರೆದೇ ಇಡಿ, ಮುಚ್ಚಿಟ್ಟರೆ ಮುಂದಿನ ಋತುವಿನಲ್ಲಿ ತೆಗೆದಾಗ ಮೂಗು ಹಿಡಿದುಕೊಂಡು ಓಡಬೇಕಾಗುತ್ತದೆ.